ಆಫೀಸಿನಿಂದ ಕರೆ: ಆಚೆ ಕಾಣುವುದು ಯಾವ ನಂಬರ್?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಆಫೀಸು. ಇಪಿಎಬಿಎಕ್ಸ್‌ಗೆ (ಆಫೀಸಿನ ಫೋನ್‌ಗಳನ್ನು ಜೋಡಿಸುವ ಯಂತ್ರ) ಒಂದು ಪಿಆರ್‌ಐ ಲೈನ್ (ಏಕಕಾಲಕ್ಕೆ ಹಲವು ಕರೆ ಸಾಗಿಸುವ ಡಿಜಿಟಲ್ ಲೈನ್), 100 ಡಿಐಡಿ ನಂಬರ್ (ಹೊರಗಿನಿಂದ ನೇರ ಒಂದು ಮೇಜಿಗೇ ಹೋಗುವ ನಂಬರ್) ಇವೆ. ಹೊರಗಿನ ಕರೆ ಆಯಾ ಮೇಜಿಗೇ ನೇರ ಬರುತ್ತದೆ. ಆದರೆ ಯಾವ ಮೇಜಿನಿಂದ ಫೋನ್ ಮಾಡಿದರೂ ಗ್ರಾಹಕರಿಗೆ ಕಾಣುವುದು ರಿಸೆಪ್ಷನ್ ನಂಬರೇ. ಯಾಕೆ?

ಉತ್ತರ: ಬರುವ ಕರೆಗೂ ಹೋಗುವ ಕರೆಗೂ ಸೆಟ್ಟಿಂಗ್ ಬೇರೆ ಬೇರೆ. ಪಿಆರ್‌ಐನಲ್ಲಿ ಮಾತಿಗೆ 30 ಚಾನೆಲ್, ಸಿಗ್ನಲಿಂಗ್‌ಗೆ (ಕರೆಯ ಮಾಹಿತಿ ಸಾಗಿಸಲು) ಪ್ರತ್ಯೇಕವಾಗಿ ಒಂದು. ಕರೆ ಹೊರಡುವಾಗ ನಿಮ್ಮ ಯಂತ್ರ ಆ ಸಿಗ್ನಲಿಂಗ್ ಚಾನೆಲ್‌ನಲ್ಲೇ ‘ಕರೆ ಮಾಡುತ್ತಿರುವ ನಂಬರ್ ಇದು’ ಎಂದು ಕಳಿಸುತ್ತದೆ. ಟೆಲಿಕಾಂ ಕಂಪನಿ ಅದನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ನಿಮಗೆ ಕೊಟ್ಟ 100ರೊಳಗೆ ಇದ್ದರೆ ಮುಂದೆ ಬಿಡುತ್ತದೆ. ಇಲ್ಲದಿದ್ದರೆ, ಅಥವಾ ಏನೂ ಬರದಿದ್ದರೆ, ಸಾಮಾನ್ಯವಾಗಿ ಪೈಲಟ್ ನಂಬರ್ (ಲೈನಿನ ಮುಖ್ಯ ನಂಬರ್, ನಿಮ್ಮಲ್ಲಿ ರಿಸೆಪ್ಷನ್‌ನದು) ಹಾಕುತ್ತದೆ. ಕೆಲವು ಕಡೆ ಕರೆಯೇ ಹೋಗುವುದಿಲ್ಲ.

ಹೆಚ್ಚಾಗಿ ಆಗುವ ಎಡವಟ್ಟು: ಯಂತ್ರ ‘214’ ಎಂಬ ಎಕ್ಸ್‌ಟೆನ್ಷನ್ (ಆಫೀಸಿನೊಳಗಿನ ಮೇಜಿನ) ನಂಬರನ್ನೇ ಕಳಿಸುತ್ತಿರುತ್ತದೆ. ಎಕ್ಸ್‌ಚೇಂಜಿಗೆ ಅದು ಅರ್ಥವಿಲ್ಲದ ಅಂಕಿ. ಪ್ರತಿ ಎಕ್ಸ್‌ಟೆನ್ಷನ್‌ಗೂ ಅದರ ಡಿಐಡಿಯನ್ನು ಹೊರಹೋಗುವ ಕಾಲರ್ ಐಡಿ ಆಗಿ ತುಂಬಿಸಿ. ನಂಬರ್ ಕಳಿಸಲು ‘ನ್ಯಾಷನಲ್’ ಮಾದರಿ ಇಟ್ಟಿದ್ದರೆ ಎಸ್‌ಟಿಡಿ ಕೋಡಿನ ಮೊದಲ ಸೊನ್ನೆ ಬೇಡ. 836ರಿಂದ ಶುರುವಾಗಿ ಒಟ್ಟು 10 ಅಂಕಿ. ಯಾವ ಮಾದರಿ ಬೇಕೆಂದು ಲೈನ್ ಕೊಟ್ಟವರನ್ನೇ ಕೇಳಿ, ಊಹಿಸಬೇಡಿ.

ಫ್ರೀಪಿಬಿಎಕ್ಸ್ (ಇಪಿಎಬಿಎಕ್ಸ್ ಕೆಲಸ ಮಾಡುವ ಸಾಫ್ಟ್‌ವೇರ್) ಬಳಸುವವರು ಗಮನಿಸಿ: ಎಕ್ಸ್‌ಟೆನ್ಷನ್‌ನ ಕಾಲರ್ ಐಡಿಗೆ ಮೊದಲ ಮಾನ್ಯತೆ, ನಂತರ ರೂಟ್‌ನದು (ಕರೆ ಯಾವ ದಾರಿಯಲ್ಲಿ ಹೊರಹೋಗಬೇಕೆಂಬ ಸೆಟ್ಟಿಂಗ್), ಕೊನೆಗೆ ಟ್ರಂಕ್‌ನದು (ಹೊರಗಿನ ಲೈನ್). ಆದರೆ ರೂಟ್‌ನಲ್ಲಿ ‘ಓವರ್‌ರೈಡ್ ಎಕ್ಸ್‌ಟೆನ್ಷನ್’ ಟಿಕ್ ಆಗಿದ್ದರೆ ಮೇಜಿನ ನಂಬರ್ ಅಲ್ಲೇ ಅಳಿಸಿಹೋಗುತ್ತದೆ. ಎಲ್ಲ ಸರಿಯಿದೆ ಅನಿಸಿದಾಗ ಮೊದಲು ನೋಡಬೇಕಾದ್ದು ಈ ಟಿಕ್ಕು.

ಪ್ರಶ್ನೆ: ಮೇಜಿನ ಫೋನನ್ನು ಮೊಬೈಲ್‌ಗೆ ಫಾರ್ವರ್ಡ್ ಮಾಡಿದರೆ ಗ್ರಾಹಕರ ನಂಬರ್ ಬದಲು ನಮ್ಮದೇ ನಂಬರ್ ಬರುತ್ತದಲ್ಲ?

ಉತ್ತರ: ಫಾರ್ವರ್ಡ್ ಆದದ್ದು ನಿಮ್ಮ ಲೈನಿನಿಂದ ಹೊರಟ ಎರಡನೇ ಕರೆ. ಗ್ರಾಹಕರ ನಂಬರ್ ನಿಮ್ಮ 100ರಲ್ಲಿ ಇಲ್ಲ, ಹಾಗಾಗಿ ಕಂಪನಿ ಬದಲಿಸುತ್ತದೆ. ಕಿರಿಕಿರಿಯಾದರೂ ಈ ಕಟ್ಟುಪಾಡು ಸರಿಯೇ. ಇಲ್ಲದಿದ್ದರೆ ಯಾರು ಬೇಕಾದರೂ ಬ್ಯಾಂಕಿನ ನಂಬರ್ ತೋರಿಸಿ ಫೋನ್ ಮಾಡಬಹುದಿತ್ತು. ನಿಮ್ಮ ಇಪಿಎಬಿಎಕ್ಸ್‌ಗೆ ಮೊಬೈಲ್ ಆ್ಯಪ್ ಇದ್ದರೆ ಅದನ್ನು ಎಕ್ಸ್‌ಟೆನ್ಷನ್ ಆಗಿ ಸೇರಿಸಿ. ಕರೆ ಇಂಟರ್ನೆಟ್ ಮೂಲಕ ಒಳಗಿನಿಂದಲೇ ಬರುವುದರಿಂದ ಗ್ರಾಹಕರ ನಂಬರ್ ಹಾಗೇ ಕಾಣುತ್ತದೆ.

ಪ್ರಶ್ನೆ: ನಮ್ಮಲ್ಲಿ ಇರುವುದು ನಾಲ್ಕು ಸಾದಾ ಲ್ಯಾಂಡ್‌ಲೈನ್ ಮಾತ್ರ. ಒಂದೇ ನಂಬರ್ ಕಾಣಿಸಬಹುದೇ?

ಉತ್ತರ: ಇಪಿಎಬಿಎಕ್ಸ್‌ನಿಂದ ಆಗದು. ಸಾದಾ ಲೈನಿನಲ್ಲಿ ಯಂತ್ರ ನಂಬರ್ ಕಳಿಸುವುದೇ ಇಲ್ಲ. ಕರೆ ಯಾವ ಲೈನ್ ಹಿಡಿಯಿತೋ ಅದರ ನಂಬರ್ ಕಾಣುತ್ತದೆ. ಹೊರಹೋಗುವ ಕರೆಗಳಿಗೆ ಒಂದೇ ಲೈನ್ ಮೀಸಲಿಡಬಹುದು, ಆದರೆ ಆಗ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು.