ಹೊಸ ಸ್ಟೀಲಿನ ಸ್ಟಾಕ್‌ಮನ್ ಚಾಕು ಮಾವಿನ ತೋಟಕ್ಕೆ ಆಗುತ್ತಾ?

ಶ್ರೀನಿವಾಸಪುರದ ಕಡೆ ಮಾವಿನ ತೋಟ ಇದೆ, ಡಿ2 ಅನ್ನೋ ಗಟ್ಟಿ ಟೂಲ್ ಸ್ಟೀಲಿನ ಮೂರು ಅಲಗಿನ ಸ್ಟಾಕ್‌ಮನ್ ತಗೊಳ್ಳಲಾ ಅಂತ ಕೇಳಿದ್ದೀರಿ. ಜೇಬಿನಲ್ಲೊಂದು ಇರಲಿ ಅಂದರೆ ತಗೊಳ್ಳಿ. ಕಸಿ ಕಟ್ಟೋಕೆ ಅಂದರೆ ಬೇಡ.

ಇದು ಅಮೆರಿಕದ ದನಗಾಹಿಗಳ ಮಡಚು ಚಾಕು. ಚೂಪು ಮೊನೆಯ ಕ್ಲಿಪ್ ಅಲಗು ಉದ್ದದ್ದು. ಎರಡನೆಯದು ಶೀಪ್‌ಫುಟ್ ಅಲಗು, ಅದರ ಬಾಯಿ ನೇರ. ದಾರ, ಡ್ರಿಪ್ ಪೈಪು ಕತ್ತರಿಸೋಕೆ ಅದೇ ಸರಿ. ಮೊಂಡು ಮೊನೆಯ ಸ್ಪೇ ಅಲಗು ಇದ್ದದ್ದು ಹೋರಿಗರುಗಳ ಬೀಜ ತೆಗೆಯೋಕೆ. ಈಗ ಅದಕ್ಕೆ ಪಶುವೈದ್ಯರಿದ್ದಾರೆ, ಬಿಡಿ.

ಹಳೆಯವು ಸಾಮಾನ್ಯವಾಗಿ ಕಾರ್ಬನ್ ಸ್ಟೀಲಿನವು. ಸೊನೆ ತಾಗಿದರೆ ಕಪ್ಪಾಗುತ್ತವೆ, ಆದರೆ ಸಾಣೆಕಲ್ಲಿನಲ್ಲಿ ಬೇಗ ಹರಿತವಾಗುತ್ತವೆ. ಡಿ2ನಲ್ಲಿ ಸುಮಾರು 12% ಕ್ರೋಮಿಯಂ ಇದೆ. ಆದರೆ ಅದರಲ್ಲಿ ಒಂದಿಷ್ಟು ಕಾರ್ಬೈಡ್ ಆಗಿ ಕೂತುಬಿಡುತ್ತದೆ, ಹಾಗಾಗಿ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಒರೆಸದೆ ಇಟ್ಟರೆ ತುಕ್ಕು ಹಿಡಿಯುತ್ತದೆ. ಹರಿತ ಜಾಸ್ತಿ ದಿನ ನಿಲ್ಲುತ್ತದೆ ನಿಜ, ಹೋದಮೇಲೆ ಮನೆಯ ಕಲ್ಲಿನಲ್ಲಿ ಮಸೆಯೋದು ಸಾಕುಸಾಕಾಗುತ್ತದೆ. ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟು ಬೇಕು. ಅದರ ಖರ್ಚನ್ನೂ ಸೇರಿಸಿಕೊಳ್ಳಿ.

ಕಸಿ ಚಾಕುವನ್ನು ಸಾಮಾನ್ಯವಾಗಿ ಒಂದೇ ಕಡೆ ಮಸೆದಿರುತ್ತಾರೆ, ಕೊಯ್ತ ಚಪ್ಪಟೆಯಾಗಿ ಬರಲಿ ಅಂತ. ಕಡ್ಡಿಗೂ ಬುಡಕ್ಕೂ ನಡುವೆ ಸಂದು ಉಳಿದರೆ ಕಸಿ ಕೂಡೋದಿಲ್ಲ, ಅಲ್ವಾ? ಎರಡೂ ಕಡೆ ಮಸೆದ ಸ್ಟಾಕ್‌ಮನ್ ಅಲಗಿನಲ್ಲಿ ಅಂಥ ಕೊಯ್ತ ಕಷ್ಟ.

ಕೊಳ್ಳುವಾಗ ಪ್ರತಿ ಅಲಗನ್ನೂ ಬಿಡಿಸಿ ಅಕ್ಕಪಕ್ಕ ಅಲ್ಲಾಡಿಸಿ. ಮಡಚುವಾಗ ಒಂದಕ್ಕೊಂದು ಉಜ್ಜಬಾರದು. ಬೆಳಕಿಗೆ ಹಿಡಿದರೆ ಸ್ಪ್ರಿಂಗ್ ಪಕ್ಕ ಸಂದು ಕಾಣಬಾರದು. ಇನ್ನೊಂದು, ಈ ಮಾದರಿಯಲ್ಲಿ ಲಾಕ್ ಇರೋದಿಲ್ಲ, ಬರೀ ಸ್ಪ್ರಿಂಗಿನ ಬಿಗಿ. ಮೊನೆಯಿಂದ ತಿವಿಯುವ ಕೆಲಸಕ್ಕೆ ಇಳಿದರೆ ಬೆರಳ ಮೇಲೇ ಮಡಚಿಕೊಳ್ಳಬಹುದು.