ಲೂಪಸ್: ರಕ್ತದ ವರದಿ ಮೂತ್ರಪಿಂಡದ ಮುಂದಿನ ಸ್ಥಿತಿಯನ್ನು ಹೇಳುತ್ತದೆಯೇ?

ಹಾಸನದಿಂದ ಕೇಳಿದ್ದೀರಿ: ತಂಗಿಗೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ, ರಕ್ತದ ಕ್ರಿಯಾಟಿನಿನ್ 0.8, ಅಂದರೆ ಸಹಜ ಬಂದಿದೆ, ಇನ್ನು ಮೂತ್ರಪಿಂಡದ ಚಿಂತೆ ಬಿಡಬಹುದೇ ಎಂದು.

ಬಿಡಬೇಡಿ. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಸೋಸಿ ಹೊರಹಾಕುವ ಕಸ; ಮೂತ್ರಪಿಂಡ ಸೋತರೆ ರಕ್ತದಲ್ಲಿ ಏರುತ್ತದೆ, ಆದರೆ ಅದು ತಡವಾಗಿ ಬಾಯಿ ಬಿಡುವ ಸಾಕ್ಷಿ. ಮೂತ್ರಪಿಂಡದ ಕೆಲಸ ಸುಮಾರು ಅರ್ಧದಷ್ಟು ಕುಂದುವವರೆಗೂ ಅದು ಸಹಜ ಮಿತಿಯಲ್ಲೇ ಇರಬಹುದು. ಅದಕ್ಕಿಂತ ಮೊದಲೇ ಸುಳಿವು ಕೊಡಬಲ್ಲವು ಸಿ3, ಸಿ4 ಎಂಬ ಕಾಂಪ್ಲಿಮೆಂಟ್ (ರಕ್ಷಣಾ ವ್ಯವಸ್ಥೆಗೆ ನೆರವಾಗುವ) ಪ್ರೋಟೀನುಗಳು ಮತ್ತು ದೇಹದ ಸ್ವಂತ ಡಿಎನ್‌ಎ ಮೇಲೆ ತಿರುಗಿಬೀಳುವ ಆಂಟಿ ಡಿಎಸ್‌ಡಿಎನ್‌ಎ ಎಂಬ ಪ್ರತಿಕಾಯ. ಇಂಥ ಪ್ರತಿಕಾಯಗಳು ಮೂತ್ರಪಿಂಡದ ಸೋಸುವ ಜಾಲರಿಯಲ್ಲಿ ನೆಲೆಯೂರಿದಾಗ ಕಾಂಪ್ಲಿಮೆಂಟ್ ಖರ್ಚಾಗುತ್ತದೆ. ಹಾಗಾಗಿ ಪ್ರತಿಕಾಯ ಏರುತ್ತಾ ಸಿ3 ಇಳಿಯುತ್ತಿದ್ದರೆ ಎಚ್ಚರ ಬೇಕು. ಆದರೆ ಕೆಲವರಲ್ಲಿ ಇವು ವರ್ಷಗಟ್ಟಲೆ ಕೆಟ್ಟೇ ಇದ್ದರೂ ಮೂತ್ರಪಿಂಡ ಗಟ್ಟಿಯಾಗಿರುತ್ತದೆ. ಒಂದು ವರದಿಗಿಂತ ಸಾಲು ವರದಿಗಳ ದಿಕ್ಕು ಮುಖ್ಯ. ಹಳೆಯ ಕಾಗದಗಳನ್ನು ಎಸೆಯಬೇಡಿ.

ದೀರ್ಘಕಾಲದ ಲೆಕ್ಕಕ್ಕೆ ನನ್ನ ನಂಬಿಕೆ ರಕ್ತಕ್ಕಿಂತ ಮೂತ್ರದ ಮೇಲೆಯೇ ಹೆಚ್ಚು. ಲೂಪಸ್ ನೆಫ್ರೈಟಿಸ್ (ಲೂಪಸ್‌ನಿಂದ ಬರುವ ಮೂತ್ರಪಿಂಡದ ಉರಿಯೂತ) ಇದ್ದವರಲ್ಲಿ, ಚಿಕಿತ್ಸೆಯ 12ನೇ ತಿಂಗಳಿಗೆ ಮೂತ್ರದ ಪ್ರೋಟೀನ್ ದಿನಕ್ಕೆ 0.7-0.8 ಗ್ರಾಂಗಿಂತ ಕೆಳಗಿಳಿದಿದ್ದರೆ ಮುಂದೆ ಮೂತ್ರಪಿಂಡ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ ಎಂದು ಯುರೋಪಿನ ಅಧ್ಯಯನಗಳು ತೋರಿಸಿವೆ. ತಂಗಿಗೆ ಈ ಪರೀಕ್ಷೆ ಆಗಿಲ್ಲವಾದರೆ, ಮುಂದಿನ ಬಾರಿ ಲ್ಯಾಬಿಗೆ ಹೋದಾಗ ದಿನದ ಪ್ರೋಟೀನ್ ಸೋರಿಕೆಯನ್ನು ಅಂದಾಜಿಸುವ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತವನ್ನೂ ಮಾಡಿಸಿ. ಅದು 0.5 ದಾಟಿದ್ದರೆ ಬಯಾಪ್ಸಿಯ (ಮೂತ್ರಪಿಂಡದ ಸಣ್ಣ ಚೂರು ತೆಗೆದು ಪರೀಕ್ಷಿಸುವ) ಮಾತನ್ನು ವೈದ್ಯರೇ ಎತ್ತುತ್ತಾರೆ.