ಏಪ್ರಿಲ್ ರಜೆಯಲ್ಲಿ ಗಗನಚುಕ್ಕಿ, ಭರಚುಕ್ಕಿ ನೋಡಲು ಬರಬಹುದಾ?

ಏಪ್ರಿಲ್ ರಜೆಗೆ ಹುಬ್ಬಳ್ಳಿಯಿಂದ ಮೈಸೂರಿಗೆ ಬರುತ್ತಿದ್ದೀರಿ. ಜೊತೆಗೆ ಇಬ್ಬರು ಮಕ್ಕಳು, ಮಂಡಿ ನೋವಿರುವ ಅಮ್ಮ. ಶಿವನಸಮುದ್ರದ ಎರಡೂ ಜಲಪಾತ ನೋಡಿ ಸಂಜೆಗೆ ವಾಪಸ್ ಬರಬಹುದಾ ಅಂತ ಕೇಳಿದ್ದೀರಿ. ದಿನ ಒಂದು ಸಾಕು. ಆದರೆ ತಿಂಗಳು ಸರಿಯಿಲ್ಲ.

ನಾನು ಮಳವಳ್ಳಿ ತಾಲ್ಲೂಕಿನವನು, ಈಗ ಇರುವುದು ಮೈಸೂರಿನಲ್ಲಿ. ಮನೆಗೆ ನೆಂಟರು ಬಂದರೆ ಅವರಿಗೆ ಗಗನಚುಕ್ಕಿ ತೋರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಮದುವೆಯಾದ ಹೊಸತರಲ್ಲಿ ಯುಗಾದಿಗೆ ಬಂದಿದ್ದ ಅತ್ತೆಯನ್ನು ಉತ್ಸಾಹದಿಂದ ಕರೆದುಕೊಂಡು ಹೋಗಿದ್ದೆ. ಹೋಗಿ ನಿಂತರೆ ಎದುರಿಗೆ ಬರೀ ಕರಿಬಂಡೆ. ಮಧ್ಯೆ ಎಲ್ಲೋ ದಾರ ಇಳಿಬಿಟ್ಟ ಹಾಗೆ ಒಂದಿಷ್ಟು ನೀರು. ಅತ್ತೆ ಸ್ವಲ್ಪ ಹೊತ್ತು ನೋಡಿ, "ಅಲ್ಲ ಅಳಿಯಂದ್ರೇ, ನಮ್ಮೂರ ಕೆರೆ ತೂಬಲ್ಲೇ ಇದಕ್ಕಿಂತ ಜಾಸ್ತಿ ನೀರು ಬತ್ತದಲ್ಲಾ" ಅಂದರು. ಆ ಮಾತು ಇವತ್ತಿಗೂ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿದೆ.

ಬೇಸಿಗೆಯಲ್ಲಿ ಹೀಗಾಗುವುದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಇದ್ದ ಸ್ವಲ್ಪ ನೀರನ್ನೂ ಜಲಪಾತಕ್ಕಿಂತ ಮೇಲೆಯೇ ಅಡ್ಡಕಟ್ಟಿ, ಕಾಲುವೆಯಲ್ಲಿ ಪವರ್ ಹೌಸ್ ಕಡೆಗೆ ತಿರುಗಿಸುತ್ತಾರೆ. ಅಲ್ಲಿಂದ ದೊಡ್ಡ ಪೈಪುಗಳಲ್ಲಿ ಕಣಿವೆಗೆ ಇಳಿಯುತ್ತದೆ. ನಮ್ಮ ಕಡೆಯ ಹಳಬರು ಆ ಜಾಗವನ್ನು 'ಬ್ಲಫ್' ಅಂತಲೇ ಕರೆಯುತ್ತಾರೆ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ ಅದು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಬೇಸಿಗೆಯಲ್ಲಿ ಪವರ್ ಹೌಸ್‌ಗೆ ನೀರು ಸಾಲುತ್ತಿರಲಿಲ್ಲ. ಕಾವೇರಿಗೆ ಜಲಪಾತಕ್ಕಿಂತ ಮೇಲೆ ಕೆಆರ್‌ಎಸ್ ಅಣೆಕಟ್ಟೆ ಕಟ್ಟುವ ಯೋಚನೆಗೆ ಅದೂ ಒಂದು ಕಾರಣ. ನನ್ನಂಥ ಮಂಡ್ಯದವರಿಗೆ ಕಟ್ಟೆ ಅಂದರೆ ಮೊದಲು ಗದ್ದೆಯೇ ನೆನಪಾಗುವುದು, ಅದು ಬೇರೆ ಮಾತು.

ಹಾಗಾಗಿ ಕ್ಯಾಲೆಂಡರ್ ನೋಡಿ ಹೊರಡಬೇಡಿ, ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ನೋಡಿ ಹೊರಡಿ. ಕೆಆರ್‌ಎಸ್ ಪೂರ್ತಿ ತುಂಬಿದರೆ 124.80 ಅಡಿ. ನಿಮಗೆ ಬೇಕಾದದ್ದು ಆ ಅಡಿ ಅಲ್ಲ, ಪಕ್ಕದಲ್ಲಿ ಬರೆದಿರುವ 'ಹೊರಹರಿವು'. ಅದರಲ್ಲೂ ನದಿಗೆ ಎಷ್ಟು ಬಿಟ್ಟಿದ್ದಾರೆ ನೋಡಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿಟ್ಟ ನೀರು ನಮ್ಮ ಗದ್ದೆಗಳಿಗೆ ಹೋಗುತ್ತದೆ, ಜಲಪಾತಕ್ಕಲ್ಲ. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಬಿನಿ ಹೊಳೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ, ಅಂದರೆ ಜಲಪಾತಕ್ಕಿಂತ ಮೇಲೆಯೇ. ವಯನಾಡಿನಲ್ಲಿ ಮಳೆ ಹಿಡಿದರೆ ಕಬಿನಿ ಜಲಾಶಯ ಬೇಗ ತುಂಬುತ್ತದೆ. ಅದು ಕೆಆರ್‌ಎಸ್‌ಗಿಂತ ಚಿಕ್ಕದು. ಕೆಆರ್‌ಎಸ್ ಇನ್ನೂ ಅರ್ಧ ಇರುವಾಗಲೇ ಕಬಿನಿ ನೀರಿಗೆ ಭರಚುಕ್ಕಿ ಮೈತುಂಬಿಕೊಂಡಿದ್ದನ್ನು ನೋಡಿದ್ದೇನೆ. ಎರಡೂ ಸೇರಿ ನದಿಗೆ ಬಿಟ್ಟ ನೀರು ಐದಂಕಿ ಕ್ಯುಸೆಕ್‌ನಲ್ಲಿದ್ದರೆ (ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಹೊರಡಿ, ಇದು ನನ್ನ ಲೆಕ್ಕ. ಲಕ್ಷ ಮುಟ್ಟಿದರೆ ನೋಟವೇನೋ ಭರ್ಜರಿ, ಆದರೆ ಜನರನ್ನು ಹತ್ತಿರ ಬಿಡುವುದಿಲ್ಲ.

ಸಾಮಾನ್ಯವಾಗಿ ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಆದರೂ ವರ್ಷ ವರ್ಷಕ್ಕೆ ಬೇರೆ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವುದರೊಳಗೇ ತುಂಬಿತು. 2024ರ ಆಗಸ್ಟ್ ಮೊದಲ ವಾರ ಅತ್ತೆಯನ್ನು ಮತ್ತೆ ಕರೆದುಕೊಂಡು ಹೋದೆ. ಗಾಡಿ ಇಳಿಯುವ ಮೊದಲೇ ಸದ್ದು ಕೇಳುತ್ತಿತ್ತು. ಕೆಂಪು ನೀರು, ಅದರ ಮೇಲೆ ಹೊಗೆಯ ಹಾಗೆ ತುಂತುರು. ಅತ್ತೆ ಸೆರಗು ತಲೆಗೆ ಹೊದ್ದುಕೊಂಡು ನಿಂತವರು ಅರ್ಧ ಗಂಟೆ ಮಾತಾಡಲಿಲ್ಲ. ಅವರ ಮಟ್ಟಿಗೆ ಅದು ದೊಡ್ಡ ವಿಷಯ.

ಈಗ ನಿಮ್ಮ ಅಮ್ಮನ ಮಂಡಿ ವಿಚಾರ. ಶಿವನಸಮುದ್ರ ಒಂದು ನಡುಗಡ್ಡೆ. ಕಾವೇರಿ ಅಲ್ಲಿ ಎರಡು ಕವಲಾಗಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಬೀಳುತ್ತದೆ. ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ಗೋಪುರದ ಜಾಗದಿಂದ ನೋಡಿ. ಗಾಡಿ ನಿಲ್ಲಿಸಿ ಸ್ವಲ್ಪ ನಡೆದರೆ ಆಯಿತು, ಕಣಿವೆಯ ಆಚೆ ಪೂರ್ತಿ ಜಲಪಾತ ಕಾಣುತ್ತದೆ. ನಡುಗಡ್ಡೆಯಲ್ಲಿ ದರ್ಗಾ ಇರುವ ಕಡೆಯಿಂದಲೂ ಜನ ಹೋಗುತ್ತಾರೆ. ಅಲ್ಲಿ ಬಂಡೆ ಇಳಿಯುವ ಆಸೆ ಮಾತ್ರ ಬೇಡ. ಪಾಚಿ ಕಟ್ಟಿದ ಬಂಡೆ, ಮೇಲಿಂದ ನೀರು ಬಿಟ್ಟರೆ ಏರುವುದೂ ತಿಳಿಯುವುದಿಲ್ಲ. ಸೆಲ್ಫಿ ತೆಗೆಯಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳ ಕೈ ಬಿಡಬೇಡಿ.

ಭರಚುಕ್ಕಿ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ರಸ್ತೆಯಲ್ಲಿ ಹೊಳೆ ದಾಟಿ, ಸತ್ತೇಗಾಲದ ಕಡೆಯಿಂದ ಬಳಸಿಕೊಂಡು ಹೋಗಬೇಕು. ಎತ್ತರ ಕಡಿಮೆ, ಅಗಲ ಜಾಸ್ತಿ. ಬಂಡೆಯ ಉದ್ದಕ್ಕೂ ಹತ್ತಾರು ಕಡೆ ನೀರು ಧುಮುಕುತ್ತದೆ. ನನ್ನನ್ನು ಕೇಳಿದರೆ ಎರಡರಲ್ಲಿ ಇದೇ ಚೆಂದ. ತಳಕ್ಕೆ ಹೋಗಲು ಮೆಟ್ಟಿಲುಗಳಿವೆ. ಇಳಿಯುವಾಗ ಏನೂ ಅನಿಸುವುದಿಲ್ಲ, ಹತ್ತುವಾಗ ಗೊತ್ತಾಗುತ್ತದೆ. ಅಮ್ಮನನ್ನು ಮೇಲೆಯೇ ಕೂರಿಸಿ, ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ನೀರು ಜೋರಾಗಿದ್ದರೆ ಮೆಟ್ಟಿಲಿಗೆ ಹೇಗೂ ಬಿಡುವುದಿಲ್ಲ. ಹೊತ್ತು ಉಳಿದರೆ ನಡುಗಡ್ಡೆಯ ರಂಗನಾಥನ ಗುಡಿಗೆ ಹೋಗಿ. ಶ್ರೀರಂಗಪಟ್ಟಣದ್ದು ಆದಿರಂಗ, ಇದು ಮಧ್ಯರಂಗ. ಜನವೇ ಇರುವುದಿಲ್ಲ, ತಣ್ಣಗೆ ಕೂರಬಹುದು.

ಮೈಸೂರಿನಿಂದ ಬನ್ನೂರು, ಕಿರುಗಾವಲು, ಮಳವಳ್ಳಿ ಮೇಲೆ ಬಂದರೆ ಸುಮಾರು ಎರಡು ಗಂಟೆ. ಮಳೆಗಾಲದ ಭಾನುವಾರ ಮಾತ್ರ ಬೇಡ, ಗಾಡಿಗಳ ಸಾಲು ನೋಡಿಯೇ ಸಾಕಾಗುತ್ತದೆ.

ರಜೆ ಬದಲಾಯಿಸಲು ಆಗುವುದಿಲ್ಲ, ಏಪ್ರಿಲ್‌ನಲ್ಲೇ ಬರಬೇಕು ಅಂದರೆ ಜಲಪಾತ ಬಿಡಿ. ಬೆಳಿಗ್ಗೆ ಬೇಗ ಹೊರಟು ಮೊದಲು ತಲಕಾಡಿಗೆ ಹೋಗಿ. ಹೊತ್ತೇರಿದ ಮೇಲೆ ಅಲ್ಲಿನ ಮರಳು ಕಾದು ಕಾಲಿಡಲು ಆಗುವುದಿಲ್ಲ. ಅಮ್ಮನಿಗೆ ಮರಳಲ್ಲಿ ನಡೆಯುವುದು ಕಷ್ಟ ಅನಿಸಿದರೆ ಹೊಳೆ ದಂಡೆಯಲ್ಲೇ ಕೂರಲಿ. ವಾಪಸ್ ಬರುವಾಗ ಸೋಮನಾಥಪುರದ ಕೇಶವ ದೇವಸ್ಥಾನ ನೋಡಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ಗುಡಿ ಇದು. ಮಕ್ಕಳು ನೀರು ನೀರು ಅಂತ ಹಟ ಮಾಡಿದರೆ ಇನ್ನೊಂದು ದಿನ ಕೆಆರ್‌ಎಸ್ ಹತ್ತಿರದ ಬಲಮುರಿ ತೋರಿಸಿ. ತಡೆಗೋಡೆ ಮೇಲಿಂದ ಹರಿಯುವ ಸಣ್ಣ ನೀರು. ನೋಡಲು ಸಾಧು, ಅಲ್ಲೂ ಸುಳಿ ಇದೆ, ಇಳಿಸಬೇಡಿ.

ಅಂದ ಹಾಗೆ, ಎಲ್ಲಿಗೆ ಹೋದರೂ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋದರೆ ಒಳ್ಳೆಯದು. ಗಗನಚುಕ್ಕಿಗೆ ಹೋದಾಗ ಮಾತ್ರ ಡಬ್ಬಿಯನ್ನು ಗಾಡಿಯೊಳಗೇ ಬಿಚ್ಚಿ. ಅಲ್ಲಿನ ಕೋತಿಗಳಿಗೆ ಕವರಿನ ಸದ್ದು ಚೆನ್ನಾಗಿ ಗೊತ್ತು.